ಅಂಗಸಾಧನೆಯ ಆಚಾರ್ಯ ಕೆ. ವಿ. ಅಯ್ಯರ್

ಸುಗಟೂರಿನ ಕಡೆಯ ಹುಡುಗನೊಬ್ಬ ಕೆಲವು ವರ್ಷಗಳ ಹಿಂದೆ ಐಚ್ಛಿಕ ಕನ್ನಡ ತರಗತಿಗೆ ಸೇರಬೇಕೆಂದು ನನ್ನ ಮುಂದೆ ನಿಂತಿದ್ದ. ಅಗಲವಾದ ಹೆಗಲು, ಕುಸ್ತಿಯಲ್ಲಿ ಮುದುಡಿದ ಕಿವಿ. "ಪೈಲ್ವಾನರಿಗೆ ಪಂಪ ಏಕಪ್ಪಾ?" ಎಂದುಬಿಟ್ಟೆ. ಪಕ್ಕದಲ್ಲಿದ್ದವರು ನಕ್ಕರು. ಹುಡುಗ ಅರ್ಜಿಯನ್ನು ಮಡಿಸಿಕೊಂಡು ಹೊರಟ, ಮತ್ತೆ ಬರಲಿಲ್ಲ. ನನ್ನ ಮಾತು ಎಂಥ ಅವಿವೇಕದ್ದೆಂಬುದು ಹೊಳೆದದ್ದು, ಅದೇ ಕೋಲಾರ ಸೀಮೆಯ ಕೆ. ವಿ. ಅಯ್ಯರ್ ಅವರ ನೆನಪು ಬಂದಾಗ.

ಸುಗಟೂರೆಂದರೆ ಇತಿಹಾಸ ಬಲ್ಲವರಿಗೆ ಮೊದಲು ನೆನಪಾಗುವವನು ಪಾಳೆಯಗಾರ ತಮ್ಮೇಗೌಡ; ೧೫೯೫ರ ಸುಮಾರಿಗೆ ಹೊಸಕೋಟೆಯನ್ನು ಕಟ್ಟಿಸಿದವನು. ಅರಸರ ಕಾಲದಲ್ಲಿ ಮಲ್ಲನ ಬಾಳು ಆಸ್ಥಾನವನ್ನೇ ನೆಚ್ಚಿತ್ತು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆ ಒಂದು ಭಾಗವನ್ನೇ ಮೀಸಲಿಟ್ಟು, ಮಲ್ಲರ ದರ್ಜೆ, ಆಹಾರ, ಸಾಧನೆಗಳನ್ನು ವಿವರಿಸಿದ. ವಿಜಯನಗರದ ಮಹಾನವಮಿಯಲ್ಲಿ ಜಟ್ಟಿಗಳು ಕಾದಾಡಿದುದನ್ನು ಪೋರ್ಚುಗೀಸ್ ಪ್ರವಾಸಿ ಪೇಸ್ ಕಂಡು ಬರೆದಿದ್ದಾನೆ. ಮೈಸೂರಿನ ವಿಜಯದಶಮಿಯಂದು ವಜ್ರಮುಷ್ಟಿ ಕಾಳಗ ಇಂದಿಗೂ ನಡೆಯುತ್ತದೆ. ಆದರೆ ವರ್ಷದ ಒಂದು ದಿನದ ಕಾಳಗ ವರ್ಷವಿಡೀ ಹೊಟ್ಟೆ ಹೊರೆಯದು. ಅರಮನೆಯ ಆಶ್ರಯ ಸೊರಗಿದ ಮೇಲೆ ಮೈಯನ್ನು ಸಾಧಿಸಿದವನು ಬದುಕುವುದೆಂತು?

ಈ ಪ್ರಶ್ನೆಗೆ ಅಯ್ಯರ್ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟರು. ದೇವರಾಯಸಮುದ್ರದಲ್ಲಿ ಹುಟ್ಟಿದ ಅವರು ಅಖಾಡದ ಕುಸ್ತಿಯವರಲ್ಲ; ಅಂಗಸಾಧನೆಯನ್ನೇ ವೃತ್ತಿಯಾಗಿ ಹಿಡಿದವರು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಸಿಯಂ ನಡೆಸಿದರು. ಪಶ್ಚಿಮದ ಬಾರ್‌ಬೆಲ್ಲನ್ನೂ ನಮ್ಮ ಸೂರ್ಯನಮಸ್ಕಾರ, ಹಠಯೋಗಗಳನ್ನೂ ಒಂದೇ ಪಾಠದಲ್ಲಿ ಬೆಸೆದರು. ೧೯೩೦ರಲ್ಲಿ 'ಮಸಲ್ ಕಲ್ಟ್', ೧೯೩೬ರಲ್ಲಿ 'ಪರ್ಫೆಕ್ಟ್ ಫಿಸಿಕ್', ೧೯೩೭ರಲ್ಲಿ 'ಸೂರ್ಯನಮಸ್ಕಾರ್' ಎಂಬ ಇಂಗ್ಲಿಷ್ ಪುಸ್ತಕಗಳನ್ನು ಹೊರತಂದರು. ತಮ್ಮ ಭಾವಚಿತ್ರಗಳನ್ನೇ ನಿದರ್ಶನವಾಗಿಟ್ಟು, ದೂರದ ಊರಿನವರಿಗೆ ಅಂಚೆಯ ಮೂಲಕ ವ್ಯಾಯಾಮ ಕಲಿಸಿದರು. ಹಿಂದೆ ಜಟ್ಟಿಯನ್ನು ಒಬ್ಬ ದೊರೆ ಸಾಕುತ್ತಿದ್ದ. ಈಗ ಶುಲ್ಕ ತೆತ್ತು ಕಲಿಯುವ ಗುಮಾಸ್ತರೂ ವಿದ್ಯಾರ್ಥಿಗಳೂ ಆಚಾರ್ಯನನ್ನು ಸಾಕಿದರು. ಬಲವೆಂಬುದು ಆಸ್ಥಾನದ ನೋಟವಾಗಿರದೆ ಮನೆಮನೆಯ ಆರೋಗ್ಯವಾಯಿತು.

ಇಷ್ಟೇ ಆಗಿದ್ದರೆ ನಾನು ಇಷ್ಟು ನಾಚಬೇಕಾಗಿರಲಿಲ್ಲ. ಆ ವ್ಯಾಯಾಮಶಾಲೆ ಸಾಹಿತ್ಯದ ಜಗಲಿಯೂ ಆಗಿತ್ತು. ನಾಟಕಕಾರ ಟಿ. ಪಿ. ಕೈಲಾಸಂ ಅಯ್ಯರ್ ಅವರ ಆಪ್ತಮಿತ್ರರು. ೧೯೪೬ರಲ್ಲಿ ಕೈಲಾಸಂ ತೀರಿಕೊಂಡ ಬಳಿಕವೂ ಆ ಗೆಳೆತನವನ್ನು ಅಯ್ಯರ್ ಬರಹದಲ್ಲಿ ಉಳಿಸಿದರು. ಹೊಯ್ಸಳ ವಿಷ್ಣುವರ್ಧನನ ರಾಣಿಯನ್ನು ಕುರಿತ 'ಶಾಂತಲಾ' ಕನ್ನಡಿಗರ ಮನೆಮಾತಾಯಿತು. 'ರೂಪದರ್ಶಿ'ಯಲ್ಲಿ ಅವರು ಇಟಲಿಯ ಮೈಕೆಲೆಂಜೆಲೊನನ್ನು ಕನ್ನಡಕ್ಕೆ ಕರೆತಂದರು. ಕಲಾವಿದ ಒಂದು ಮುಖವನ್ನು ಅರಸುವ ಕಥೆಯದು. ಮನುಷ್ಯರೂಪವನ್ನು ದಿನವೂ ತಿದ್ದಿದ ಕೈಗೆ ಆ ವಸ್ತು ಒಲಿದುದರಲ್ಲಿ ಆಶ್ಚರ್ಯವೇನು?

೧೯೮೦ರಲ್ಲಿ ಅಯ್ಯರ್ ತೀರಿಕೊಂಡರು. ತೋಳಿಗೂ ತಲೆಗೂ ವೈರವೆಂದು ನಮ್ಮಂಥ ಓದುಬರಹದವರು ಹಾಕಿಕೊಂಡ ಗೋಡೆಯನ್ನು ಅವರು ಎಂದೋ ಕೆಡವಿದ್ದರು. ನಾನು ಮತ್ತೆ ಒಂದು ಕಲ್ಲಿಟ್ಟೆ. ಈಗ 'ಶಾಂತಲಾ' ಪಾಠ ಹೇಳುವಾಗಲೆಲ್ಲ ಮೊದಲು ಅದರ ಕರ್ತೃವಿನ ಬಾರ್‌ಬೆಲ್ಲಿನ ಮಾತನ್ನು ಹೇಳುತ್ತೇನೆ. ಹಿಂದಿನ ಬೆಂಚಿನ ಗಟ್ಟಿ ಮೈಯ ಹುಡುಗರು ನೆಟ್ಟಗೆ ಕೂಡುತ್ತಾರೆ. ಅವರೊಳಗೆ ಸುಗಟೂರಿನ ಕಡೆಯ ಆ ಹುಡುಗನಿಲ್ಲ. ಅಂದು ಅವನ ಹೆಸರನ್ನಾದರೂ ನಾನು ಕೇಳಿರಲಿಲ್ಲ.