ಹಳೆಯ ಬೆಕ್ಕಿನ ಮನೆಗೆ ಹೊಸ ಮರಿ

ಬೆಕ್ಕೊಂದು ಈಗಾಗಲೇ ನೆಲೆಯೂರಿರುವ ಮನೆಗೆ ಮರಿಯೊಂದನ್ನು ತಂದು, ಎರಡನ್ನೂ ಹಂತಹಂತವಾಗಿ ಪರಿಚಯಿಸಿ, ಒಂದೇ ಸೂರಿನಡಿ ಜಗಳವಿಲ್ಲದೆ ಬಾಳುವಂತೆ ಮಾಡುವುದು ಬೆಕ್ಕು ಸಾಕುವವರ ತಾಳ್ಮೆಯನ್ನು ಬಹಳವಾಗಿ ಬೇಡುವ ಕೆಲಸ. ಮರಿ ಚಿಕ್ಕದು, ಮುದ್ದಾಗಿದೆ, ದೊಡ್ಡ ಬೆಕ್ಕು ಅದನ್ನು ಒಪ್ಪಿಕೊಳ್ಳದೇ ಇರುತ್ತದೆಯೇ ಎಂಬ ನಂಬಿಕೆಯಲ್ಲಿ ಮೊದಲ ದಿನವೇ ಎರಡನ್ನೂ ಎದುರುಬದುರು ಬಿಡುವವರು ಬಹಳ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಬೆಕ್ಕಿರುವ ಮನೆಗೇ ಇನ್ನೊಂದನ್ನು ದತ್ತು ತಂದವರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಆರಂಭದಲ್ಲಿ ಜಗಳ ನಡೆಯಿತೆಂದು ತಿಳಿಸಿದ್ದರು. ಮೊದಲ ಭೇಟಿಯಲ್ಲೇ ಪರಚಾಟ, ಕಚ್ಚಾಟ ಆದ ಮನೆಗಳಲ್ಲಿ ತಿಂಗಳುಗಳ ನಂತರವೂ ಜಗಳ ಉಳಿದುಕೊಳ್ಳುವ ಸಂಭವ ಹೆಚ್ಚೆಂಬುದೂ ಅದರಲ್ಲಿ ಕಂಡುಬಂತು. ಹಾಗಾಗಿ ಮೊದಲ ಭೇಟಿ ಯಾವಾಗ, ಹೇಗೆ ಆಗಬೇಕೆಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

ಮನೆಬೆಕ್ಕಿನ ವಂಶಮೂಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಾಡುಬೆಕ್ಕು. ಕಾರ್ಲೋಸ್ ಡ್ರಿಸ್ಕಾಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಡಿಎನ್‌ಎ ಅಧ್ಯಯನ ಇದನ್ನು ಖಚಿತಪಡಿಸಿತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಜೊತೆಗೇ ಹೂಳಲಾದ, ಸುಮಾರು 9,500 ವರ್ಷ ಹಳೆಯ ಬೆಕ್ಕಿನ ಅಸ್ಥಿ ಸಿಕ್ಕಿದೆ. ಇಷ್ಟು ದೀರ್ಘ ಸಹವಾಸದ ನಂತರವೂ ಬೆಕ್ಕು ಒಂಟಿ ಬೇಟೆಗಾರನ ಸ್ವಭಾವವನ್ನು ಬಿಟ್ಟಿಲ್ಲ. ನಾಯಿಯ ಪೂರ್ವಜ ಗುಂಪಿನಲ್ಲಿ ಬಾಳಿದ ಪ್ರಾಣಿ. ಬೆಕ್ಕಿನ ಪೂರ್ವಜ ತನ್ನ ಸರಹದ್ದನ್ನು ತಾನೊಂದೇ ಕಾಯ್ದುಕೊಂಡದ್ದು. ಹಾಗೆಂದು ಬೆಕ್ಕಿಗೆ ಬಳಗವೇ ಬೇಡವೆನ್ನುವಂತಿಲ್ಲ. ಆಹಾರ ಹೇರಳವಾಗಿ ಸಿಗುವ ಕಡೆ, ಅಂದರೆ ಹೊಲಮನೆ, ಬಂದರು, ಮೀನು ಮಾರುಕಟ್ಟೆಗಳಲ್ಲಿ ತಾಯಿ, ಮಗಳು, ಅಕ್ಕತಂಗಿ ಬೆಕ್ಕುಗಳು ಕೂಡಿ ಬಾಳುತ್ತವೆ, ಒಂದರ ಮರಿಗೆ ಇನ್ನೊಂದು ಹಾಲೂಡಿಸುತ್ತದೆ. ಆದರೆ ಆ ಬಳಗಕ್ಕೆ ಹೊರಗಿನಿಂದ ಬಂದ ಬೆಕ್ಕನ್ನು ಅವು ಅಟ್ಟುತ್ತವೆ. ಮನೆಗೆ ಬಂದ ಹೊಸ ಮರಿ ಹಳೆಯ ಬೆಕ್ಕಿನ ಮಟ್ಟಿಗೆ ಹೊರಗಿನದೇ.

ಕರ್ನಾಟಕದ ಹಳ್ಳಿಮನೆಗಳಲ್ಲಿ ಈ ಸಮಸ್ಯೆ ಅಷ್ಟಾಗಿ ತಲೆದೋರದಿರಲು ಕಾರಣ ಜಾಗ. ಅಟ್ಟ, ಕೊಟ್ಟಿಗೆ, ಹುಲ್ಲಿನ ಬಣವೆ, ಹಿತ್ತಿಲು ಎಂದು ಬೆಕ್ಕಿಗೆ ದೂರ ಸರಿಯಲು ಹತ್ತು ದಾರಿಗಳಿದ್ದವು. ಇಷ್ಟವಾಗದ ಮರಿಯಿಂದ ವಾರಗಟ್ಟಲೆ ದೂರವಿದ್ದು, ವಾಸನೆ ಅಭ್ಯಾಸವಾದ ಮೇಲೆ ತಾನಾಗಿಯೇ ಹತ್ತಿರ ಬರುತ್ತಿತ್ತು. ಬೆಂಗಳೂರಿನ ಎರಡು ಕೋಣೆಯ ಫ್ಲಾಟಿನಲ್ಲಿ ಬಾಗಿಲು ಮುಚ್ಚಿದರೆ ಬೆಕ್ಕಿಗೆ ಸರಿದುಹೋಗಲು ಎಡೆಯಿಲ್ಲ. ಅಲ್ಲಿ ಆ ದೂರವನ್ನು ಮನೆಯವರೇ ಕಲ್ಪಿಸಿಕೊಡಬೇಕು.

ಪರಿಚಯವಿಲ್ಲದೆ ಸರಹದ್ದು ಹಂಚಿಕೊಂಡರೆ ಏನಾಗುತ್ತದೆಂಬುದಕ್ಕೆ ಲಂಡನ್ನಿನಲ್ಲಿ ಜಗತ್ತೇ ಕಂಡ ಉದಾಹರಣೆಯಿದೆ. ಬ್ರಿಟನ್ ಪ್ರಧಾನಿಯ ನಿವಾಸವಾದ 10, ಡೌನಿಂಗ್ ಸ್ಟ್ರೀಟಿಗೆ 2011ರ ಫೆಬ್ರವರಿಯಲ್ಲಿ ಲ್ಯಾರಿ ಎಂಬ ಬೆಕ್ಕು ಬಂತು. ಐದು ವರ್ಷದ ನಂತರ, 2016ರ ಏಪ್ರಿಲ್‌ನಲ್ಲಿ, ಪಕ್ಕದ ವಿದೇಶಾಂಗ ಕಚೇರಿಗೆ ಪಾಮರ್ಸ್ಟನ್ ಎಂಬ ಕಪ್ಪು ಬಿಳಿ ಬೆಕ್ಕನ್ನು ತರಲಾಯಿತು. ಎರಡೂ ಬ್ಯಾಟರ್ಸಿ ಪ್ರಾಣಿ ಆಶ್ರಯಧಾಮದಿಂದ ಬಂದವು. ಆ ಬೇಸಿಗೆಯಲ್ಲೇ ಅವುಗಳ ಬೀದಿ ಜಗಳ ಪತ್ರಿಕೆಗಳ ಮುಖಪುಟಕ್ಕೇರಿತು. ಪಾಮರ್ಸ್ಟನ್‌ನ ಕಿವಿಗೆ ಗಾಯವಾಯಿತು, ಲ್ಯಾರಿಯ ಕೊರಳಪಟ್ಟಿ ಕಳಚಿಬಿತ್ತು. ಅವೆರಡೂ ಬೆಳೆದ ಗಂಡುಗಳು, ಮರಿಯ ವಿಷಯ ಇಷ್ಟು ಉಗ್ರವಾಗಿರುವುದಿಲ್ಲ. ಆದರೂ ತನ್ನ ಜಾಗಕ್ಕೆ ಕಾಲಿಟ್ಟವರು ಯಾರೇ ಆಗಲಿ, ಬೆಕ್ಕಿನ ಮೊದಲ ಪ್ರತಿಕ್ರಿಯೆ ಅನುಮಾನವೇ.

ಬೆಕ್ಕಿಗೆ ಮನೆ ಎಂದರೆ ಗೋಡೆಗಿಂತ ಹೆಚ್ಚಾಗಿ ವಾಸನೆ. ಕೆನ್ನೆ, ಗಲ್ಲ, ಹಣೆ, ಬಾಲದ ಬುಡ, ಅಂಗಾಲುಗಳಲ್ಲಿರುವ ಗ್ರಂಥಿಗಳಿಂದ ಅದು ಬಾಗಿಲ ಚೌಕಟ್ಟು, ಸೋಫಾ, ಮನೆಯವರ ಕಾಲುಗಳಿಗೆ ತನ್ನ ಗುರುತು ಹಚ್ಚುತ್ತಲೇ ಇರುತ್ತದೆ. ಅಂಗುಳಿನ ಮೇಲಿರುವ ಜಾಕಬ್‌ಸನ್ ಅಂಗ ಈ ರಾಸಾಯನಿಕ ಸಂಕೇತಗಳನ್ನು ಗ್ರಹಿಸುತ್ತದೆ. ಬೆಕ್ಕು ಏನನ್ನೋ ಮೂಸಿ ಬಾಯಿ ಅರೆತೆರೆದು ನಿಲ್ಲುವುದು ಇದೇ ಕೆಲಸಕ್ಕೆ. ಫ್ರಾನ್ಸಿನ ಪಶುವೈದ್ಯ ಪ್ಯಾಟ್ರಿಕ್ ಪಜಾ 1990ರ ದಶಕದಲ್ಲಿ ಬೆಕ್ಕಿನ ಮುಖಗ್ರಂಥಿಗಳ ಸ್ರಾವದಲ್ಲಿ ಐದು ಭಾಗಗಳನ್ನು ಗುರುತಿಸಿದರು. ಅವುಗಳಲ್ಲೊಂದನ್ನು ಹೋಲುವ ಕೃತಕ ದ್ರವ್ಯವೇ ‘ಫೆಲಿವೇ’ ಹೆಸರಿನಲ್ಲಿ ಮಾರಾಟವಾಗುವುದು. ಅದು ಸಹಾಯ ಮಾಡಬಹುದು, ಆದರೆ ಕೆಳಗೆ ಹೇಳುವ ಯಾವ ಹಂತಕ್ಕೂ ಬದಲಿಯಲ್ಲ. ವಾಸನೆಯ ಬಲ ಎಷ್ಟೆಂದರೆ, ವರ್ಷಗಟ್ಟಲೆ ಜೊತೆಗೆ ಮಲಗಿದ ಬೆಕ್ಕೂ ಪಶುವೈದ್ಯರಲ್ಲಿಗೆ ಹೋಗಿ ಔಷಧದ ವಾಸನೆ ಹೊತ್ತು ಮರಳಿದರೆ ಇನ್ನೊಂದು ಅದಕ್ಕೆ ಬುಸುಗುಡುವುದುಂಟು.

ಮರಿಯ ಆಯ್ಕೆಯೂ ಪರಿಚಯದ ಭಾಗವೇ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಶ್ 1980ರ ದಶಕದಲ್ಲಿ ನಡೆಸಿದ ಪ್ರಯೋಗಗಳ ಪ್ರಕಾರ ಮರಿ ಲೋಕದ ನಂಟು ಕಲಿಯುವ ಸೂಕ್ಷ್ಮ ಕಾಲ ಸುಮಾರು 2ರಿಂದ 7 ವಾರ. ಆ ದಿನಗಳಲ್ಲಿ ತಾಯಿ, ಒಡಹುಟ್ಟಿದವು, ಮನುಷ್ಯರು ಇವರ ನಡುವೆ ಬೆಳೆದ ಮರಿ ಕಚ್ಚುವ ಮಿತಿಯನ್ನು ಕಲಿತಿರುತ್ತದೆ, ಎದುರಿನ ಬೆಕ್ಕಿನ ಎಚ್ಚರಿಕೆಯೂ ಅದಕ್ಕೆ ಅರ್ಥವಾಗುತ್ತದೆ. ಎಂಟು ವಾರಕ್ಕೆ ಮುಂಚೆ ಮರಿಯನ್ನು ತಾಯಿಯಿಂದ ಅಗಲಿಸಬಾರದು. ಹಳೆಯ ಬೆಕ್ಕಿಗೆ ಹತ್ತು ಹನ್ನೆರಡು ವರ್ಷವಾಗಿ ಕೀಲುನೋವಿದ್ದರೆ, ಎರಡು ತಿಂಗಳ ಪುಂಡ ಮರಿ ಅದಕ್ಕೆ ಹಗಲಿರುಳು ಕಾಟ. ಅಂಥ ಮನೆಗೆ ಮರಿ ಬೇಕೇ ಬೇಕೆಂದಾದರೆ ಒಡಹುಟ್ಟಿದ ಜೋಡಿ ಮರಿಗಳೇ ಲೇಸು. ಅವುಗಳ ಆಟ ಅವುಗಳ ನಡುವೆಯೇ ಮುಗಿಯುತ್ತದೆ. ಸಂತಾನಶಕ್ತಿಹರಣ ಚಿಕಿತ್ಸೆಯಾಗದ ಗಂಡು ಬೆಕ್ಕಿರುವ ಮನೆಗೆ ಮರಿಯನ್ನು ತರಲೇಬಾರದು. ಅಂಥ ಗಂಡು ತನ್ನದಲ್ಲದ ಮರಿಗಳನ್ನು ಕೊಲ್ಲುವುದು ದಾಖಲಾಗಿದೆ.

ಮಳೆಗಾಲದಲ್ಲಿ ನಿಂತ ಕಾರಿನಡಿ, ಚರಂಡಿಯ ಪಕ್ಕ ಸಿಕ್ಕಿದ ಮರಿಯನ್ನು ಎತ್ತಿಕೊಂಡು ಬಂದು ಸಾಕುವವರು ನಮ್ಮ ನಗರಗಳಲ್ಲಿ ಬಹಳ. ಅವರು ಮೊದಲು ಹೋಗಬೇಕಾದದ್ದು ಪಶುವೈದ್ಯರ ಬಳಿಗೆ. ಪಾರ್ವೊ ಜಾತಿಯ ವೈರಸ್ಸಿನಿಂದ ಬರುವ ಪ್ಯಾನ್‌ಲ್ಯುಕೋಪೀನಿಯಾ ಎಂಬ ರೋಗ ಲಸಿಕೆಯಾಗದ ಮರಿಗಳನ್ನು ದಿನಗಳಲ್ಲೇ ಕೊಲ್ಲುತ್ತದೆ, ಆ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಉಳಿಯಬಲ್ಲದು. ಮರಿಗೆ 6ರಿಂದ 8ನೇ ವಾರದಲ್ಲಿ ಲಸಿಕೆ ಆರಂಭಿಸಿ, 16 ವಾರದವರೆಗೆ 3-4 ವಾರಕ್ಕೊಮ್ಮೆ ಮುಂದುವರಿಸುವುದು, ಸುಮಾರು 12ನೇ ವಾರಕ್ಕೆ ರೇಬಿಸ್ ಲಸಿಕೆ ಕೊಡಿಸುವುದು ರೂಢಿ. ಹಳೆಯ ಬೆಕ್ಕಿನ ಲಸಿಕೆಯೂ ಬಾಕಿಯಿರಬಾರದು. ರಕ್ತಪರೀಕ್ಷೆಯಲ್ಲಿ ನೋಡಬೇಕಾದ ಎರಡು ವೈರಸ್‌ಗಳೆಂದರೆ, 1964ರಲ್ಲಿ ಗ್ಲಾಸ್ಗೋದಲ್ಲಿ ವಿಲಿಯಂ ಜ್ಯಾರೆಟ್ ತಂಡ ಗುರುತಿಸಿದ ಬೆಕ್ಕಿನ ರಕ್ತಕ್ಯಾನ್ಸರಿನ ವೈರಸ್ ಮತ್ತು 1986ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪತ್ತೆಯಾದ ರೋಗನಿರೋಧಕ ಶಕ್ತಿ ಕುಂದಿಸುವ ವೈರಸ್. ಜಂತುಹುಳು, ಕಿವಿಯ ನುಸಿ, ಚಿಗಟ, ಮನುಷ್ಯರಿಗೂ ಹತ್ತುವ ಹುಳುಕಡ್ಡಿ ಇವೂ ಮರಿಯ ಜೊತೆಗೇ ಬರುತ್ತವೆ. ಚಿಗಟಕ್ಕೆಂದು ನಾಯಿಗೆ ಹಚ್ಚುವ ಪರ್ಮೆತ್ರಿನ್ ಔಷಧಿಯನ್ನು ಬೆಕ್ಕಿಗೆ ಹಚ್ಚಿದರೆ ಅದು ಸಾಯಬಹುದು. ಇದನ್ನು ಎಷ್ಟು ಬಾರಿ ಹೇಳಿದರೂ ಕಡಿಮೆಯೇ.

ಸೋಂಕಿನ ಭಯ ಕಳೆಯಲು ಮರಿಯನ್ನು ಸುಮಾರು ಎರಡು ವಾರ ಬೇರೆ ಕೋಣೆಯಲ್ಲಿಡುವುದು ಹೇಗೂ ಅಗತ್ಯ. ಪರಿಚಯದ ಮೊದಲ ಹಂತವೂ ಅದೇ. ಆ ಕೋಣೆಯಲ್ಲಿ ಮರಿಗೆ ಅದರದೇ ಲಿಟರ್ ಟ್ರೇ, ನೀರು, ಊಟದ ತಟ್ಟೆ, ಅಡಗಲು ರಟ್ಟಿನ ಪೆಟ್ಟಿಗೆ ಇರಬೇಕು. ಹಳೆಯ ಬೆಕ್ಕು ಸದಾ ಮಲಗುವ ಕೋಣೆಯನ್ನು ಇದಕ್ಕೆ ಬಳಸಿಕೊಳ್ಳಬಾರದು, ಬಳಸಿದರೆ ಮರಿ ಬಂದು ತನ್ನನ್ನು ಹೊರಹಾಕಿತೆಂದೇ ಅದರ ಅನುಭವ. ಮನೆಯವರ ಗಮನವೆಲ್ಲ ಮುಚ್ಚಿದ ಬಾಗಿಲಿನಾಚೆಗೇ ಹೋದರೂ ಕೆಡುತ್ತದೆ. ಹಳೆಯ ಬೆಕ್ಕಿನ ಊಟ, ಆಟ, ತೊಡೆಯ ಮೇಲಿನ ನಿದ್ದೆ ಮೊದಲಿನ ಹೊತ್ತಿಗೇ ನಡೆಯಬೇಕು.

ನಂತರ ವಾಸನೆಯ ವಿನಿಮಯ. ಮೆತ್ತಗಿನ ಬಟ್ಟೆಯಿಂದ ಮರಿಯ ಕೆನ್ನೆ ಒರೆಸಿ, ಆ ಬಟ್ಟೆಯನ್ನು ಹಳೆಯ ಬೆಕ್ಕಿನ ಓಡಾಟದ ಜಾಗದಲ್ಲಿ ಇಡುವುದು, ಹಾಗೆಯೇ ಹಳೆಯದರ ಬಟ್ಟೆಯನ್ನು ಮರಿಯ ಕೋಣೆಗೆ ಕೊಂಡೊಯ್ಯುವುದು. ಬಟ್ಟೆಯನ್ನು ಮೂಗಿಗೆ ಹಿಡಿಯಬಾರದು. ಬೆಕ್ಕು ತಾನಾಗಿ ಬಂದು ಮೂಸಲಿ. ಮೊದಲ ದಿನ ಬುಸುಗುಟ್ಟಿದರೆ ಗಾಬರಿಯಿಲ್ಲ. ಮೂಸಿ ನಿರ್ಲಕ್ಷಿಸಿ ಹೋದ ದಿನ ಅರ್ಧ ಕೆಲಸ ಮುಗಿದಂತೆ. ಮುಚ್ಚಿದ ಬಾಗಿಲಿನ ಎರಡೂ ಬದಿಗೆ ಒಂದೇ ಹೊತ್ತಿಗೆ ಊಟ ಕೊಟ್ಟು, ತಟ್ಟೆಗಳನ್ನು ದಿನದಿನವೂ ಬಾಗಿಲ ಹತ್ತಿರಕ್ಕೆ ಸರಿಸುತ್ತ ಬಂದರೆ, ಆ ಅಪರಿಚಿತ ವಾಸನೆ ಹೊಟ್ಟೆ ತುಂಬುವ ಸುಖದ ಜೊತೆ ಬೆಸೆದುಕೊಳ್ಳುತ್ತದೆ. ಇಬ್ಬರ ಕೋಣೆಗಳನ್ನು ಒಂದೆರಡು ಗಂಟೆ ಅದಲುಬದಲು ಮಾಡುವುದೂ ಒಳ್ಳೆಯದು.

ಕಣ್ಣಿನ ಭೇಟಿ ಮೂರನೆಯದು. ಕಬ್ಬಿಣದ ಜಾಲರಿಯ ಬಾಗಿಲಾದರೆ ಅನುಕೂಲ. ಸೊಳ್ಳೆಪರದೆಯ ತೆಳು ಜಾಲರಿಯನ್ನು ಬೆಕ್ಕು ಒಂದೇ ಪಂಜದೇಟಿಗೆ ಹರಿದೀತು. ಎರಡೂ ಶಾಂತವಾಗಿ ಉಣ್ಣುವಷ್ಟು ದೂರದಿಂದ ಆರಂಭಿಸಿ, ಬೇಯಿಸಿದ ಕೋಳಿಯ ಎಳೆಗಳನ್ನೋ ಮೀನಿನ ಚೂರನ್ನೋ ಕೊಡುತ್ತ, ಕೆಲವೇ ನಿಮಿಷಗಳಲ್ಲಿ ಪರದೆ ಎಳೆಯಬೇಕು. ಯಾವುದಾದರೂ ಉಣ್ಣುವುದು ಬಿಟ್ಟು ದಿಟ್ಟಿಸತೊಡಗಿದರೆ ಒಂದು ಹಂತ ಹಿಂದಕ್ಕೆ. ಅಡ್ಡವಿಲ್ಲದ ಭೇಟಿಯಾಗುವುದು ಇದೆಲ್ಲ ಆದ ಮೇಲೆ, ಮರಿಯನ್ನು ಕೋಲಿಗೆ ಕಟ್ಟಿದ ಗರಿಯಿಂದ ಆಡಿಸಿ ದಣಿಸಿದ ನಂತರ. ಮರಿಯನ್ನು ಎತ್ತಿ ಹಳೆಯ ಬೆಕ್ಕಿನ ಮುಖಕ್ಕೆ ಹಿಡಿಯುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಅದು ಎರಡಕ್ಕೂ ಅಪಾಯ, ಹಿಡಿದ ಕೈಗೂ ಅಪಾಯ.

ಆಟ ಯಾವುದು, ಜಗಳ ಯಾವುದು? ಸ್ಲೊವಾಕಿಯಾದ ಕೊಶಿತ್ಸೆ ನಗರದ ಪಶುವೈದ್ಯ ವಿಶ್ವವಿದ್ಯಾಲಯದ ನೊಯೆಮಾ ಗಾಯ್ದೋಶ್ ಕ್ಮೆಟ್ಸೊವಾ ಮತ್ತು ಸಹೋದ್ಯೋಗಿಗಳು 2023ರಲ್ಲಿ ಬೆಕ್ಕಿನ ಜೋಡಿಗಳ 105 ವಿಡಿಯೊಗಳನ್ನು ವಿಶ್ಲೇಷಿಸಿದರು. ಸದ್ದಿಲ್ಲದ ಹೊರಳಾಟ ಆಟದ ಕಡೆಗೆ ವಾಲುತ್ತದೆ. ಗುರುಗುಟ್ಟುವಿಕೆ, ಕೂಗಾಟ, ಅಟ್ಟಿಸಿಕೊಂಡು ಹೋಗುವುದು ಜಗಳದ ಕಡೆಗೆ. ನಡುವಿನ ಒಂದು ಗುಂಪಿನಲ್ಲಿ ಎರಡರ ಲಕ್ಷಣವೂ ಇರುತ್ತದೆ, ಅದು ಬಿಗಿಯಾಗದಂತೆ ನೋಡಿಕೊಳ್ಳಬೇಕು. ಹಳೆಯ ಬೆಕ್ಕು ಒಮ್ಮೆ ಬುಸುಗುಟ್ಟಿ, ಉಗುರು ಒಳಗಿಟ್ಟುಕೊಂಡು ತಲೆಗೊಂದು ಏಟು ಕೊಟ್ಟರೆ ಅದು ಮರಿಗೆ ಮಿತಿ ಕಲಿಸುವ ಕ್ರಮ. ಅದಕ್ಕೆ ಬೈಯಬಾರದು. ಕಿವಿ ಚಪ್ಪಟೆಯಾಗಿ, ಬಾಲದ ರೋಮ ನಿಮಿರಿ, ಮರಿ ಮೂಲೆಗೆ ಒತ್ತಿಕೊಂಡು ಕಿರುಚಿದರೆ ಮಾತ್ರ ಇಬ್ಬರ ನಡುವೆ ರಟ್ಟನ್ನೋ ದಿಂಬನ್ನೋ ಇಳಿಬಿಟ್ಟು ಬೇರ್ಪಡಿಸಬೇಕು. ಬರಿಗೈ ಹಾಕಿದರೆ ಆ ಸಿಟ್ಟು ಕೈಗೆ ತಿರುಗುತ್ತದೆ, ಬೆಕ್ಕಿನ ಕಡಿತ ಬೇಗ ಕೀವಾಗುತ್ತದೆ.

ಕೂಗಾಟವಿಲ್ಲದ ಜಗಳವೇ ಹೆಚ್ಚು ಕಾಡುವುದು. ಬಾಗಿಲಲ್ಲೋ ಟ್ರೇಯ ದಾರಿಯಲ್ಲೋ ಒಂದು ಬೆಕ್ಕು ಸುಮ್ಮನೆ ಕೂತಿದ್ದರೆ ಸಾಕು, ಇನ್ನೊಂದು ಆ ಕಡೆ ಸುಳಿಯುವುದಿಲ್ಲ. ಮನೆಯವರಿಗೆ ಎಲ್ಲವೂ ಶಾಂತವಾಗಿ ಕಾಣುತ್ತದೆ. ಬೆಕ್ಕಿನ ವೈದ್ಯರ ಅಮೆರಿಕದ ಸಂಘ 2024ರಲ್ಲಿ ಬೆಕ್ಕುಗಳ ನಡುವಿನ ಬಿಗುವಿಗೆಂದೇ ಹೊರಡಿಸಿದ ಮಾರ್ಗಸೂಚಿ ಈ ಮೌನ ಲಕ್ಷಣಗಳನ್ನು ಒತ್ತಿ ಹೇಳುತ್ತದೆ. ಪರಿಹಾರವೂ ಸರಳ: ಬೆಕ್ಕಿನ ಸಂಖ್ಯೆಗಿಂತ ಒಂದು ಹೆಚ್ಚು ಟ್ರೇ, ಅವೂ ಒಂದೇ ಸಾಲಿನಲ್ಲಲ್ಲ, ಬೇರೆಬೇರೆ ಕಡೆ, ಊಟ ಒಬ್ಬರಿಗೊಬ್ಬರು ಕಾಣದಂತೆ, ಕಪಾಟಿನ ಮೇಲೆ, ಕಿಟಕಿಯ ಹಲಗೆಯ ಮೇಲೆ ಎತ್ತರದ ಜಾಗ. ಊಟದ ವಿಷಯಕ್ಕೆ ಬಂದರೆ, ಮರಿಗೆ ಹಾಲನ್ನ, ಮೊಸರನ್ನ ಹಾಕಿ ಬೆಳೆಸುವ ರೂಢಿ ನಮ್ಮಲ್ಲಿದೆ. ಬೆಕ್ಕು ಮಾಂಸಾಹಾರಿ, ಟಾರಿನ್ ಎಂಬ ಅಮೈನೊ ಆಮ್ಲವಿಲ್ಲದೆ ಅದರ ಕಣ್ಣು, ಹೃದಯ ಕೆಡುತ್ತವೆ. ಮರಿಯ ಪುಷ್ಟಿಯ ಆಹಾರವನ್ನು ಹಳೆಯ ಬೆಕ್ಕು ದಿನವೂ ಕದ್ದು ತಿಂದರೆ ಬೊಜ್ಜು ಬರುತ್ತದೆ.

ಪರಿಚಯದ ಈ ದಿನಗಳಲ್ಲಿ ಹಳೆಯ ಬೆಕ್ಕು ಎರಡು ದಿನ ಊಟ ಬಿಟ್ಟರೆ, ಅದು ಮುನಿಸು ಎಂದು ಸುಮ್ಮನಿರಬಾರದು. ಉಪವಾಸದಿಂದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ಸೇರಿ ಪ್ರಾಣಕ್ಕೆ ಕುತ್ತಾಗುತ್ತದೆ. ಗಂಡು ಬೆಕ್ಕು ಟ್ರೇಯಲ್ಲಿ ತಿಣುಕಿದರೂ ಮೂತ್ರ ಬಾರದಿದ್ದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಮನಸ್ಸಿನ ಒತ್ತಡಕ್ಕೂ ಮೂತ್ರಕೋಶದ ಉರಿಯೂತಕ್ಕೂ ನಂಟಿದೆಯೆಂದು ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಟೋನಿ ಬಫಿಂಗ್‌ಟನ್ ಅವರ ಸಂಶೋಧನೆ ತೋರಿಸಿದೆ.

ಇದೆಲ್ಲಕ್ಕೆ ಎಷ್ಟು ದಿನ ಬೇಕೆಂದರೆ ಕೆಲವು ಮನೆಗಳಲ್ಲಿ ಎರಡು ವಾರ, ಕೆಲವದರಲ್ಲಿ ತಿಂಗಳುಗಳು. ವೇಗ ನಿರ್ಧರಿಸುವುದು ಹಳೆಯ ಬೆಕ್ಕು. ಒಂದನ್ನೊಂದು ನೆಕ್ಕಿ, ಮೈಗೆ ಮೈ ತಾಗಿಸಿ ಮಲಗುವ ಜೋಡಿಗಳುಂಟು. ಒಂದೇ ಕೋಣೆಯಲ್ಲಿ ದೂರದೂರ ಕೂತು ನೆಮ್ಮದಿಯಾಗಿರುವುವೂ ಉಂಟು. ಎರಡನೆಯದನ್ನೂ ಯಶಸ್ಸೆಂದೇ ಎಣಿಸಬೇಕು. ಮರಿ ನಾಲ್ಕನೇ ತಿಂಗಳಿಗೇ ಪ್ರಾಯಕ್ಕೆ ಬರಬಹುದಾದ್ದರಿಂದ, ಐದು ತಿಂಗಳು ತುಂಬುವುದರೊಳಗೆ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸುವುದು ಒಳ್ಳೆಯದು. ಇಲ್ಲದಿದ್ದರೆ ಕಷ್ಟಪಟ್ಟು ತಂದ ಶಾಂತಿ ಆಗ ಮುರಿಯುತ್ತದೆ. ಎಲ್ಲ ಹಂತಗಳನ್ನು ಮತ್ತೆ ಮೊದಲಿನಿಂದ ಮಾಡಿ, ವೈದ್ಯರ ಸಲಹೆಯನ್ನೂ ಪಡೆದ ಮೇಲೆಯೂ ಒಂದು ಬೆಕ್ಕು ಮಂಚದಡಿಯಲ್ಲೇ ದಿನ ಕಳೆಯುತ್ತಿದ್ದರೆ, ಮರಿಗೆ ಬೇರೆ ಒಳ್ಳೆಯ ಮನೆ ಹುಡುಕಿಕೊಡುವುದೇ ಎರಡಕ್ಕೂ ನ್ಯಾಯ.