ಕೆಲಸಗಾರನ ವಿವರ, ಒಡೆಯನ ಹೊಣೆ: ಮಾರಿಸನ್ಸ್ ವ್ಯಾಜ್ಯದ ಚಾರಿತ್ರಿಕ ಹಿನ್ನೆಲೆ

ಸಂಸ್ಥೆಯೊಂದರಲ್ಲಿ ಉದ್ಯೋಗಕ್ಕೆ ಸೇರುವವನು ತನ್ನ ದುಡಿಮೆಯನ್ನಷ್ಟೇ ಅಲ್ಲದೆ ತನ್ನ ಹೆಸರು, ಹುಟ್ಟಿದ ದಿನ, ಮನೆಯ ವಿಳಾಸ, ಬ್ಯಾಂಕಿನ ಖಾತೆ ಮೊದಲಾದ ವಿವರಗಳನ್ನೂ ಒಡೆಯನ ವಶಕ್ಕೆ ಒಪ್ಪಿಸುತ್ತಾನೆ. ಗಿರಾಕಿಯಾದರೆ ಮನಸ್ಸು ಬಾರದಿದ್ದಲ್ಲಿ ಅಂಗಡಿಯನ್ನು ಬದಲಾಯಿಸಬಹುದು. ವಿವರ ಕೊಡಲಾರೆನೆಂದ ನೌಕರನಿಗೆ ಸಂಬಳವೇ ಬಾರದು. ಹೀಗೆ ನಿರ್ವಾಹವಿಲ್ಲದೆ ಕೊಟ್ಟ ವಿವರಗಳು ಬೀದಿಗೆ ಬಿದ್ದಾಗ ಅವನು ಯಾರನ್ನು ಕೇಳಬೇಕು? ಪ್ರಶ್ನೆಯೇನೋ ಗಣಕಯಂತ್ರದ ಕಾಲದ್ದು. ಆದರೆ ಇಂಗ್ಲೆಂಡಿನ ನ್ಯಾಯಾಲಯಗಳು ಅದಕ್ಕೆ ಉತ್ತರವನ್ನು ಅರಸಿದುದು ಕುದುರೆಗಾಡಿಯ ಕಾಲದ ತೀರ್ಪುಗಳಲ್ಲಿ. ಇದನ್ನು ಸ್ಪಷ್ಟವಾಗಿ ತೋರಿಸಿಕೊಡುವ ಮಾರಿಸನ್ಸ್ ವ್ಯಾಜ್ಯವನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮಾರಿಸನ್ಸ್ ಸಂಸ್ಥೆ ೧೮೯೯ರಲ್ಲಿ ಯಾರ್ಕ್‌ಷೈರಿನ ಬ್ರಾಡ್‌ಫರ್ಡಿನಲ್ಲಿ ಮೊಟ್ಟೆ ಬೆಣ್ಣೆಗಳ ವ್ಯಾಪಾರವಾಗಿ ಮೊದಲಾಗಿ, ಮುಂದೆ ಬ್ರಿಟನ್ನಿನ ದೊಡ್ಡ ಅಂಗಡಿಸಾಲುಗಳಲ್ಲಿ ಒಂದಾಗಿ ಬೆಳೆಯಿತು. ಅಲ್ಲಿ ಹಿರಿಯ ಆಂತರಿಕ ಲೆಕ್ಕ ತಪಾಸಣೆಗಾರನಾಗಿದ್ದ ಒಬ್ಬನು ಕಚೇರಿಯ ಅಂಚೆ ಕೊಠಡಿಯನ್ನು ಸ್ವಂತಕ್ಕೆ ಬಳಸಿದನೆಂಬ ಕಾರಣದಿಂದ ೨೦೧೩ರ ಜುಲೈಯಲ್ಲಿ ಬಾಯಿಮಾತಿನ ಎಚ್ಚರಿಕೆಗೆ ಗುರಿಯಾದನು. ಶಿಕ್ಷೆ ಅಲ್ಪವಾದುದು, ಅದರಿಂದ ಹುಟ್ಟಿದ ಹಗೆ ಮಾತ್ರ ಅಲ್ಪವಾಗಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಹೊರಗಿನ ತಪಾಸಣೆಗಾರರಾದ ಕೆಪಿಎಂಜಿಯವರಿಗೆ ಸಮಸ್ತ ನೌಕರರ ಸಂಬಳದ ವಿವರಗಳನ್ನು ತಲಪಿಸುವ ಕೆಲಸ ಅವನ ಪಾಲಿಗೇ ಬಂದಿತು. ಕೊಡಬೇಕಾದವರಿಗೆ ಕೊಟ್ಟು, ಗುಟ್ಟಾಗಿ ಒಂದು ಪ್ರತಿಯನ್ನು ತನ್ನ ಪೆನ್ ಡ್ರೈವಿಗೂ ಇಳಿಸಿಕೊಂಡನು. ೨೦೧೪ರ ಜನವರಿ ೧೨ರಂದು ೯೮,೯೯೮ ನೌಕರರ ವಿವರಗಳನ್ನು ಅಂತರಜಾಲದಲ್ಲಿ ಹರಿಯಬಿಟ್ಟನು. ಸಂದೇಹ ಸಹೋದ್ಯೋಗಿಯೊಬ್ಬನ ಮೇಲೆ ಬೀಳಲೆಂದು ಆ ಸಹೋದ್ಯೋಗಿಯ ಹೆಸರನ್ನೇ ಬಳಸಿದ್ದನು. ಮಾರ್ಚ್ ೧೩ರಂದು, ಸಂಸ್ಥೆ ತನ್ನ ಆರ್ಥಿಕ ಫಲಿತಾಂಶವನ್ನು ಪ್ರಕಟಿಸಬೇಕಾಗಿದ್ದ ದಿನವೇ, ಮೂರು ಪತ್ರಿಕೆಗಳಿಗೆ ಹೆಸರು ಹೇಳದೆ ಸಿ.ಡಿ.ಗಳನ್ನು ಕಳುಹಿಸಿದನು. ಪತ್ರಿಕೆಗಳು ಅದನ್ನು ಅಚ್ಚುಮಾಡಲಿಲ್ಲ. ಅವುಗಳಲ್ಲಿ ಒಂದು ಸಂಸ್ಥೆಗೇ ಸುದ್ದಿ ಮುಟ್ಟಿಸಿತು. ಕೆಲವೇ ಗಂಟೆಗಳಲ್ಲಿ ಅಂತರಜಾಲದಿಂದ ಆ ಕಡತವನ್ನು ತೆಗೆಸಲಾಯಿತು. ೨೦೧೫ರ ಜುಲೈಯಲ್ಲಿ ಬ್ರಾಡ್‌ಫರ್ಡಿನ ನ್ಯಾಯಾಲಯ ಅವನಿಗೆ ಎಂಟು ವರ್ಷಗಳ ಸೆರೆವಾಸವನ್ನು ವಿಧಿಸಿತು.

ಅಪರಾಧಿ ಸೆರೆಮನೆಗೆ ಹೋದನು. ನೌಕರರಿಗೆ ಅದರಿಂದ ಪರಿಹಾರ ದೊರೆಯಲಿಲ್ಲ. ೫,೫೧೮ ಮಂದಿ ಸೇರಿ ಸಂಸ್ಥೆಯ ಮೇಲೆಯೇ ದಾವೆ ಹೂಡಿದರು. ಅವರ ವಾದಕ್ಕೆ ಎರಡು ಕವಲುಗಳಿದ್ದವು. ವಿವರಗಳನ್ನು ಜೋಪಾನ ಮಾಡುವಲ್ಲಿ ಸಂಸ್ಥೆ ತಾನೇ ತಪ್ಪಿತೆಂಬುದು ಮೊದಲನೆಯದು. ಸಂಸ್ಥೆಯ ತಪ್ಪು ಇರಲಿ ಇಲ್ಲದಿರಲಿ, ಆಳು ಮಾಡಿದ ಕೇಡಿಗೆ ಒಡೆಯನು ಹೊಣೆಯೆಂಬುದು ಎರಡನೆಯದು. ಇತಿಹಾಸದ ವಿದ್ಯಾರ್ಥಿಗೆ ಕುತೂಹಲಕರವಾದುದು ಈ ಎರಡನೆಯ ಕವಲು.

ಆಳಿನ ತಪ್ಪಿಗೆ ಒಡೆಯನು ಹೊರಗಿನವರಿಗೆ ಉತ್ತರ ಹೇಳಬೇಕೆಂಬ ತತ್ತ್ವ ಆಂಗ್ಲ ನ್ಯಾಯಪದ್ಧತಿಯಲ್ಲಿ ಹಳೆಯದು. ೧೮೩೪ರ ಜೋಯೆಲ್ ಮತ್ತು ಮಾರಿಸನ್ ಮೊಕದ್ದಮೆಯಲ್ಲಿ, ಗಾಡಿ ಬಡಿದು ಗಾಯಗೊಂಡ ದಾರಿಹೋಕನೊಬ್ಬನು ಗಾಡಿಯ ಒಡೆಯನಿಂದ ಪರಿಹಾರ ಕೇಳಿದನು. ಆಳು ಒಡೆಯನ ಕೆಲಸದ ಮೇಲಿದ್ದು ಸ್ವಲ್ಪ ಅಡ್ಡದಾರಿ ಹಿಡಿದಿದ್ದರೂ ಒಡೆಯನೇ ಹೊಣೆ. ಕೆಲಸವನ್ನೇ ಬಿಟ್ಟು ತನ್ನ ಖಯಾಲಿಗೆ ಹೊರಟಿದ್ದರೆ ಒಡೆಯನು ಹೊಣೆಯಲ್ಲ—ಇದು ನ್ಯಾಯಾಧೀಶ ಪಾರ್ಕ್ ಹಾಕಿಕೊಟ್ಟ ಗೆರೆ. (ಈ ಮಾರಿಸನ್ನನಿಗೂ ನಮ್ಮ ಅಂಗಡಿಸಾಲಿಗೂ ಇರುವ ಹೋಲಿಕೆ ಹೆಸರಿನದು ಮಾತ್ರ.)

ದಾರಿಹೋಕನಿಗೆ ದೊರೆತ ಈ ಹಕ್ಕು ಜೊತೆಯ ಆಳಿಗೆ ದೊರೆಯಲಿಲ್ಲವೆಂಬುದೇ ಗಮನಾರ್ಹ. ೧೮೩೭ರ ಪ್ರೀಸ್ಟ್ಲಿ ಮತ್ತು ಫೌಲರ್ ಮೊಕದ್ದಮೆಯಲ್ಲಿ ಕಟುಕನೊಬ್ಬನ ಆಳು, ಅತಿಭಾರ ಹೇರಿದ ಗಾಡಿ ಮುರಿದು ತೊಡೆಯ ಮೂಳೆ ಮುರಿದುಕೊಂಡನು. ಜೂರಿಗಳು ನೂರು ಪೌಂಡು ಕೊಡಿಸಿದರು. ಲಾರ್ಡ್ ಅಬಿಂಜರ್ ಅದನ್ನು ತಳ್ಳಿಹಾಕಿದನು. ಇದಕ್ಕೆ ಒಪ್ಪಿದರೆ, ಮನೆಗೆಲಸದವಳು ಒದ್ದೆ ಹಾಸಿಗೆ ಹಾಸಿದಳೆಂದು ಇನ್ನೊಬ್ಬ ಆಳು ಒಡೆಯನ ಮೇಲೆ ದಾವೆ ಹೂಡಿಯಾನು ಎಂಬುದು ಅವನ ಅಂಜಿಕೆ. ಮುಂದಿನ ತೀರ್ಪುಗಳು ಇದನ್ನೇ ಬಲಪಡಿಸಿ, ಜೊತೆಗಾರನ ಅಜಾಗರೂಕತೆಯಿಂದ ಕೈಕಾಲು ಕಳೆದುಕೊಂಡ ಗಣಿಯ ಕೂಲಿಗೂ ರೈಲ್ವೆಯ ಕೂಲಿಗೂ ಒಡೆಯನ ಬಾಗಿಲನ್ನು ಮುಚ್ಚಿದವು. ಅಂಥ ಅಪಾಯಗಳನ್ನು ಒಪ್ಪಿಯೇ ಅವನು ಕೆಲಸಕ್ಕೆ ಸೇರಿದನೆಂದು ಭಾವಿಸಲಾಗುತ್ತಿತ್ತು. ೧೮೮೦ರ ಮತ್ತು ೧೮೯೭ರ ಕಾಯಿದೆಗಳು ಈ ಕಟ್ಟನ್ನು ಸಡಿಲಿಸಿದರೂ ಅದು ಪೂರ್ತಿ ಬಿಚ್ಚಿದುದು ೧೯೪೮ರಲ್ಲಿ. ನಮ್ಮ ದೇಶದಲ್ಲಿ ಅದಕ್ಕೆ ಹತ್ತು ವರ್ಷ ಮೊದಲೇ, ೧೯೩೮ರ ಕಾಯಿದೆಯೊಂದು ಈ ವಾದಕ್ಕೆ ಕಡಿವಾಣ ಹಾಕಿತ್ತು; ೧೯೫೧ರ ತಿದ್ದುಪಡಿ ಅದನ್ನು ಬಿಗಿಗೊಳಿಸಿತು. ಜೊತೆಗಾರನು ಮಾಡಿದ ಕೇಡಿಗಾಗಿ ಸಾವಿರಾರು ನೌಕರರು ತಮ್ಮ ಒಡೆಯನನ್ನೇ ನ್ಯಾಯಾಲಯಕ್ಕೆ ಎಳೆಯಬಹುದಾಗಿದ್ದು ಈ ಬಾಗಿಲು ತೆರೆದುದರ ಫಲ.

ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಲ್ಯಾಂಗ್‌ಸ್ಟಾಫ್ ೨೦೧೭ರ ಡಿಸೆಂಬರ್ ೧ರಂದು ತೀರ್ಪಿತ್ತರು. ಮೊದಲನೆಯ ಕವಲು ಬಿದ್ದುಹೋಯಿತು: ರೂಢಿಯ ವ್ಯವಸ್ಥೆಯ ಹೊರಗೆ ಇರಿಸಿದ ವಿವರಗಳನ್ನು ಅಳಿಸಿಹಾಕುವ ಕ್ರಮದಲ್ಲಿ ಸಂಸ್ಥೆಯ ಲೋಪವಿದ್ದರೂ, ಕೇಡು ಉಂಟಾದುದು ಅದರಿಂದಲ್ಲ. ಎರಡನೆಯದು ನಿಂತಿತು. ವಿವರಗಳನ್ನು ಅವನ ಕೈಗೆ ಒಪ್ಪಿಸಿದುದು ಸಂಸ್ಥೆಯೇ. ಅಲ್ಲಿಂದ ಪ್ರಕಟಣೆಯವರೆಗೆ ಘಟನೆಗಳ ಸರಪಣಿ ಕಡಿದಿಲ್ಲ. ಆದರೂ ನ್ಯಾಯಮೂರ್ತಿಗಳನ್ನು ಒಂದು ಸಂಗತಿ ಕಾಡಿತು. ಅಪರಾಧಿಯ ಗುರಿ ಒಡೆಯನಿಗೆ ಹಾನಿ ಮಾಡುವುದು. ಒಡೆಯನಿಂದ ಹಣ ಕೊಡಿಸಿದರೆ ನ್ಯಾಯಾಲಯವೇ ಆ ಗುರಿಯನ್ನು ನೆರವೇರಿಸಿದಂತಾಗದೇ? ಈ ಶಂಕೆಯಿಂದಲೇ ಅವರು ಮೇಲ್ಮನವಿಗೆ ಅನುಮತಿ ಕೊಟ್ಟರು. ೨೦೧೮ರ ಅಕ್ಟೋಬರ್ ೨೨ರಂದು ಮೇಲ್ಮನವಿ ನ್ಯಾಯಾಲಯ ನೌಕರರ ಪರವಾಗಿಯೇ ನಿಂತು, ಭಾರ ಹೆಚ್ಚೆಂದು ಹೆದರುವ ಸಂಸ್ಥೆಗಳು ವಿಮೆ ಮಾಡಿಸಲಿ ಎಂದಿತು. ವ್ಯವಹಾರಜ್ಞಾನದ ಉತ್ತರವೇ ಸರಿ. ಆದರೆ ಶಂಕೆಗೆ ಅದು ಸಮಾಧಾನವಾಗಲಿಲ್ಲ.

ಈ ಎರಡು ತೀರ್ಪುಗಳಿಗೂ ಆಧಾರವಾದುದು ಇದೇ ಸಂಸ್ಥೆಯ ವಿರುದ್ಧ ೨೦೧೬ರಲ್ಲಿ ಆಗಿದ್ದ ಇನ್ನೊಂದು ತೀರ್ಪು. ಬರ್ಮಿಂಗ್‌ಹ್ಯಾಮಿನ ಪೆಟ್ರೋಲು ಬಂಕಿನಲ್ಲಿ ನೌಕರನೊಬ್ಬನು ಗಿರಾಕಿಯನ್ನು ಹಿಂಬಾಲಿಸಿ ಹೊಡೆದಿದ್ದಕ್ಕೆ ಸಂಸ್ಥೆಯೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ಹೊಡೆದವನ ಉದ್ದೇಶ ಮುಖ್ಯವಲ್ಲವೆಂದೂ ಅಲ್ಲಿ ಬಂದಿತ್ತು. ೨೦೨೦ರ ಏಪ್ರಿಲ್ ೧ರಂದು ಅದೇ ನ್ಯಾಯಾಲಯ, ಲಾರ್ಡ್ ರೀಡ್ ಅವರ ಮುಖದಿಂದ, ಕೆಳಗಿನವರು ಆ ಮಾತನ್ನು ಅದರ ಸಂದರ್ಭದಿಂದ ಕಿತ್ತು ಓದಿದರೆಂದು ಏಕಕಂಠದಿಂದ ಸಾರಿತು. ಕೆಲಸ ಅವಕಾಶವನ್ನು ಒದಗಿಸಿತೆಂದ ಮಾತ್ರಕ್ಕೆ ಒಡೆಯನು ಹೊಣೆಯಾಗಲಾರನು. ಈ ನೌಕರನು ಒಡೆಯನ ಕೆಲಸವನ್ನು ಮಾಡುತ್ತಿರಲಿಲ್ಲ, ತನ್ನ ಹಗೆಯನ್ನು ಸಾಧಿಸುತ್ತಿದ್ದನು. ೧೮೩೪ರ ಗಾಡಿಯಾಳಿನ ಖಯಾಲಿ ಹೀಗೆ ಮತ್ತೆ ಕಾಣಿಸಿಕೊಂಡಿತು. ಅಷ್ಟರಲ್ಲಿ ೯,೨೬೩ಕ್ಕೆ ಏರಿದ್ದ ವಾದಿಗಳು ಬರಿಗೈಯಲ್ಲಿ ಹಿಂದಿರುಗಿದರು. ಮಾಹಿತಿ ರಕ್ಷಣೆಯ ಕಾಯಿದೆ ಒಡೆಯನ ಇಂಥ ಹೊಣೆಯನ್ನು ಅಳಿಸಿಹಾಕುವುದಿಲ್ಲವೆಂದು ನ್ಯಾಯಾಲಯ ಹೇಳಿದುದು ಮುಂದಿನವರಿಗೆ ಉಳಿದ ಲಾಭ.

ತೀರ್ಪು ತರ್ಕಬದ್ಧವಾದುದೇ. ಆದರೆ ಅದರಿಂದ ಒಂದು ವಿಪರ್ಯಾಸ ಹುಟ್ಟುತ್ತದೆ: ತಪ್ಪಿ ಸೋರಿಸಿದ ನೌಕರನ ಒಡೆಯನು ಹೊಣೆ, ಬೇಕೆಂದೇ ಸೋರಿಸಿದವನ ಒಡೆಯನು ಪಾರು. ವಿವರ ಕಳೆದುಕೊಂಡವನಿಗೆ ಈ ಎರಡರ ನಡುವೆ ಯಾವ ಭೇದವೂ ಇಲ್ಲ.

ಆದುದರಿಂದ ನೌಕರನಿಗೆ ಹೆಚ್ಚು ಭದ್ರವಾದ ದಾರಿ ಒಡೆಯನ ಸ್ವಂತ ಕರ್ತವ್ಯವನ್ನು ಹಿಡಿದು ಕೇಳುವುದೆಂದು ನನಗೆ ತೋರುತ್ತದೆ. ಅಮೆರಿಕೆಯ ಪೆನ್ಸಿಲ್ವೇನಿಯಾದಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರದ ಸುಮಾರು ೬೨,೦೦೦ ಮಂದಿ ಹಾಲಿ ಮತ್ತು ಮಾಜಿ ನೌಕರರ ವಿವರಗಳನ್ನು ಹೊರಗಿನ ಕಳ್ಳರು ಕದ್ದು, ಕೆಲವರ ಹೆಸರಿನಲ್ಲಿ ಸುಳ್ಳು ತೆರಿಗೆ ಲೆಕ್ಕಗಳನ್ನೂ ಸಲ್ಲಿಸಿದ್ದರು. ಕೆಳಗಿನ ನ್ಯಾಯಾಲಯಗಳು ದಾವೆಯನ್ನು ವಜಾ ಮಾಡಿದ್ದವು. ೨೦೧೮ರ ನವೆಂಬರ್ ೨೧ರಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಉದ್ಯೋಗದ ಷರತ್ತಾಗಿ ವಿವರಗಳನ್ನು ಪಡೆದು ಅಂತರಜಾಲಕ್ಕೆ ತೆರೆದ ಯಂತ್ರದಲ್ಲಿ ಇಟ್ಟ ಒಡೆಯನು ಅವನ್ನು ಕಾಯುವ ಕರ್ತವ್ಯಕ್ಕೂ ಬದ್ಧನೆಂದು ಹೇಳಿ ದಾವೆಯನ್ನು ಎತ್ತಿಹಿಡಿಯಿತು. ಈ ದಾರಿಯಲ್ಲೂ ಒಡೆಯನ ಅಜಾಗರೂಕತೆಯನ್ನು ರುಜುವಾತುಪಡಿಸಬೇಕು. ಮಾರಿಸನ್ಸ್ ನೌಕರರು ಮುಗ್ಗರಿಸಿದುದು ಅಲ್ಲಿಯೇ.

ಲಕ್ಷಾಂತರ ಮಂದಿ ಮಾಹಿತಿ ತಂತ್ರಜ್ಞಾನವನ್ನೇ ನಂಬಿ ಬದುಕುವ ಬೆಂಗಳೂರಿಗೆ ಈ ಮಾತು ದೂರದ್ದಲ್ಲ. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ೨೦೦೮ರ ತಿದ್ದುಪಡಿ ಸೇರಿಸಿದ ೪೩ಎ ಕಲಮು ಸಂಸ್ಥೆಯ ಸ್ವಂತ ಅಜಾಗರೂಕತೆಯನ್ನೇ ಆಧಾರವಾಗಿ ಇಟ್ಟುಕೊಂಡು, ನಷ್ಟಕ್ಕೆ ಒಳಗಾದವನಿಗೆ ಪರಿಹಾರವನ್ನು ವಿಧಿಸಿತು. ಇಂಥ ಅರ್ಜಿಗಳನ್ನು ವಿಚಾರಿಸುವ ಅಧಿಕಾರ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಗೆ ಸೇರಿತು. ೨೦೨೩ರ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆಯಾದರೋ ಆ ಕಲಮನ್ನೇ ತೆಗೆದುಹಾಕುವ ಉಪಬಂಧವನ್ನು ಒಳಗೊಂಡಿದೆ. ಅದರ ಮೇರೆಗೆ ದಂಡ ೨೫೦ ಕೋಟಿ ರೂಪಾಯಿಯವರೆಗೆ ಏರಬಹುದು. ಆದರೆ ಆ ಹಣ ಹೋಗಿ ಸೇರುವುದು ಭಾರತದ ಸಂಚಿತ ನಿಧಿಗೆ. ನೌಕರನು ಮಂಡಳಿಗೆ ದೂರು ಕೊಡಬಹುದು, ದಂಡದಲ್ಲಿ ಪಾಲು ಕೇಳುವಂತಿಲ್ಲ. ಮಂಡಳಿಗೆ ಒಪ್ಪಿಸಿದ ವಿಷಯಗಳಲ್ಲಿ ಸಿವಿಲ್ ನ್ಯಾಯಾಲಯಗಳಿಗೆ ಅಧಿಕಾರವಿಲ್ಲವೆಂದೂ ಕಾಯಿದೆ ಹೇಳುತ್ತದೆ. ನಷ್ಟಪರಿಹಾರದ ದಾವೆಯೂ ಆ ನಿಷೇಧದೊಳಗೆ ಬರುವುದೇ ಎಂಬುದು ನಮ್ಮ ನ್ಯಾಯಾಲಯಗಳು ತೀರ್ಮಾನಿಸಬೇಕಾದ ಮಾತು.