ಕಾವ್ಯವಾಚನ: ಡಬ್ಲಿನ್ನಿನಿಂದ ಮಳಖೇಡಕ್ಕೆ

ಪ್ರತಿವರ್ಷ ಜೂನ್ 16ರಂದು ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನಲ್ಲಿ ಒಂದು ಹಬ್ಬ ನಡೆಯುತ್ತದೆ. ಅದು ದೇವರ ಉತ್ಸವವಲ್ಲ, ಯುದ್ಧದ ವಿಜಯೋತ್ಸವವೂ ಅಲ್ಲ. ಒಂದು ಕಾದಂಬರಿಯ ಹಬ್ಬ. ಜೇಮ್ಸ್ ಜಾಯ್ಸ್ ಬರೆದ ‘ಯುಲಿಸಿಸ್’ 1922ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು. ಲಿಯೋಪೋಲ್ಡ್ ಬ್ಲೂಮ್ ಎಂಬ ಸಾಮಾನ್ಯ ಗೃಹಸ್ಥ 1904ರ ಜೂನ್ 16ರಂದು ಆ ನಗರದಲ್ಲಿ ತಿರುಗಾಡಿದ ಒಂದು ದಿನದ ಕಥೆ ಅದು. ಆ ದಿನಕ್ಕೆ 50 ವರ್ಷ ತುಂಬಿದ 1954ರಲ್ಲಿ ಬೆರಳೆಣಿಕೆಯ ಲೇಖಕರು ಕುದುರೆ ಗಾಡಿಗಳಲ್ಲಿ ಬ್ಲೂಮನ ದಾರಿ ಹಿಡಿದು ಹೊರಟರು. ಇಂದು ಜನರು ಹಳೆಯ ಕಾಲದ ಉಡುಪು ತೊಟ್ಟು, ಬೀದಿಗಳಲ್ಲಿ ಆ ಕಾದಂಬರಿಯ ಭಾಗಗಳನ್ನು ಗಟ್ಟಿಯಾಗಿ ಓದುತ್ತಾರೆ. ಜಾಯ್ಸನ ಜನ್ಮಶತಮಾನೋತ್ಸವದ ವರ್ಷವಾದ 1982ರಲ್ಲಿ ಐರಿಷ್ ರೇಡಿಯೋ ಇಡೀ ಕೃತಿಯನ್ನು ಸುಮಾರು 30 ಗಂಟೆಗಳ ಕಾಲ ಪ್ರಸಾರ ಮಾಡಿತು. ‘ಯುಲಿಸಿಸ್’ ಸುಲಭವಾಗಿ ಓದಿಸಿಕೊಳ್ಳುವ ಗ್ರಂಥವಲ್ಲ. ಆದರೆ ಕಣ್ಣಿಗೆ ಕಠಿಣವಾದದ್ದು ಎಷ್ಟೋ ಸಲ ಕಿವಿಗೆ ಒಲಿಯುತ್ತದೆ.

ಈ ಸತ್ಯ ಕನ್ನಡಿಗರಿಗೆ ಹೊಸದಲ್ಲ. ನಮ್ಮಲ್ಲಿ ಗಮಕ ಕಲೆ ಬೆಳೆದುಬಂದಿದೆ. ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ಅದರ ಅರ್ಥವನ್ನು ವ್ಯಾಖ್ಯಾನಿಸುತ್ತಾರೆ. ಗದುಗಿನ ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತಗಳು ಗುಡಿಯ ಅಂಗಳದಲ್ಲಿ, ಮನೆಯ ಪಡಸಾಲೆಯಲ್ಲಿ ಹೀಗೆ ಓದಲ್ಪಟ್ಟು ಅಕ್ಷರ ಬಾರದವರ ನಾಲಿಗೆಯ ಮೇಲೂ ನೆಲೆಸಿದವು. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಚಿತ್ತಾಪುರ, ಸೇಡಂ ಭಾಗದ ವಿದ್ಯಾರ್ಥಿಗಳು ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ವಾಡಿಯಿಂದ ಸೇಡಂ ಕಡೆಗೆ ಹೋಗುವ ರೈಲುದಾರಿಯಲ್ಲಿ ಚಿತ್ತಾಪುರ ದಾಟಿದ ಮೇಲೆ ಮಳಖೇಡ ನಿಲ್ದಾಣ ಬರುತ್ತದೆ. ಕಾಗಿಣಾ ನದಿಯ ದಂಡೆಯ ಈ ಊರೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯ ‘ಕವಿರಾಜಮಾರ್ಗ’ವನ್ನು ರಚಿಸಿದನು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಇದೇ ಮೊದಲನೆಯದು. ವಿಧಿವತ್ತಾಗಿ ಓದದೆಯೂ ಕಾವ್ಯದಲ್ಲಿ ಪರಿಣತರಾದ ಕನ್ನಡ ಜನರನ್ನು ಆತ ಮೆಚ್ಚಿ ನೆನೆದಿದ್ದಾನೆ. ಕೇಳಿ ಕಲಿತವರಿಗೆ ಸಂದ ಆ ಗೌರವವು ಗ್ರಂಥದಲ್ಲಿ ಇಂದಿಗೂ ಉಳಿದಿದೆ.

ಆದರೆ ರಾಜಧಾನಿ ಉಳಿಯಲಿಲ್ಲ. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆ ಮಾಡಿದನು. ಗ್ರಂಥ ಮಾತ್ರ ಓಲೆಗಳಲ್ಲಿ ಬದುಕಿ, ಕೆ. ಬಿ. ಪಾಠಕರ ಸಂಪಾದನೆಯಲ್ಲಿ 1898ರಲ್ಲಿ ಅಚ್ಚಾಯಿತು. ಇಂದು ಅದು ನಮ್ಮಲ್ಲಿ ಅನೇಕರಿಗೆ ಪರೀಕ್ಷೆಯ ಒಂದು ಅಂಕದ ಉತ್ತರವಷ್ಟೇ ಆಗಿದೆ.

ಹೀಗಾಗಬೇಕಿಲ್ಲ. ಡಬ್ಲಿನ್ನಿನ ಹಬ್ಬವನ್ನು ಆರಂಭಿಸಿದವರು ಕೆಲವೇ ಮಂದಿ. ಒಂದು ತರಗತಿಯ ವಿದ್ಯಾರ್ಥಿಗಳು ತಮ್ಮ ಕನ್ನಡ ಅಧ್ಯಾಪಕರೊಡನೆ ಮಳಖೇಡದ ಕೋಟೆಗೆ ಹೋಗಿ, ಒಬ್ಬರು ಪದ್ಯ ಓದಿ ಇನ್ನೊಬ್ಬರು ಅರ್ಥ ಹೇಳಿದರೆ ಅಷ್ಟೇ ಸಾಕು. ಹಾಳಾದ ಕೋಟೆಯನ್ನು ಮತ್ತೆ ಕಟ್ಟುವುದು ಕಷ್ಟ. ಅಲ್ಲಿ ಹುಟ್ಟಿದ ಮಾತನ್ನು ಮತ್ತೆ ಕೇಳಿಸುವುದು ನಮ್ಮ ಕೈಯಲ್ಲಿದೆ.